ಸ್ನಾಯು ಅದುರಿದ್ರೆ ಭಯ ಯಾಕೆ?

ಕಣ್ಣಿನ ರೆಪ್ಪೆನೋ ಮೀನಖಂಡಾನೋ ವಾರಗಟ್ಟಲೆ ಪಟಪಟ ಅದುರುತ್ತೆ. ಗೂಗಲ್ ಮಾಡಿದ್ರೆ ಎಎಲ್‌ಎಸ್ ಅನ್ನೋ ನರರೋಗದ ಹೆಸರು ಬರುತ್ತೆ. ಅಲ್ಲಿಗೆ ನಿದ್ದೆ ಹೋಯ್ತು. ನಿದ್ದೆಗೇಡು, ಜಾಸ್ತಿ ಕಾಫಿ, ಆತಂಕದಿಂದ ಅದುರೋದು ಇನ್ನೂ ಹೆಚ್ಚುತ್ತೆ.

ಪರೀಕ್ಷೆಯಲ್ಲಿ ಬೇರೆ ತೊಂದರೆ ಕಾಣದ ಇಂಥ 121 ಜನರನ್ನು ಅಮೆರಿಕದ ಮೇಯೋ ಕ್ಲಿನಿಕ್ ವೈದ್ಯರು ವರ್ಷಗಟ್ಟಲೆ ಗಮನಿಸಿ, 1993ರಲ್ಲಿ ವರದಿ ಕೊಟ್ಟರು. ಒಬ್ಬರಿಗೂ ಆ ರೋಗ ಬರಲಿಲ್ಲ.

ಚಪ್ಪಲಿ ಕಾಲಿಂದ ಜಾರುತ್ತಾ? ಗುಂಡಿ ಹಾಕೋಕೆ ಆಗ್ತಿಲ್ವಾ? ಸ್ನಾಯು ಸೊರಗಿದೆಯಾ? ಹಾಗಿದ್ರೆ ತಡಮಾಡದೆ ನರರೋಗ ತಜ್ಞರನ್ನು ಕಾಣಿ. ಅವರು ಪರೀಕ್ಷಿಸಿ ಏನಿಲ್ಲ ಅಂದಮೇಲೆ, ದಿನಾ ಕಾಲು ಮುಟ್ಟಿ ನೋಡ್ಕೊಳ್ಳೋದು ಬಿಡಿ. ಅದರಿಂದ ಸಿಗೋ ಸಮಾಧಾನ ಗಳಿಗೆ ಹೊತ್ತಿಂದು. ಮತ್ತೆ ನೋಡ್ಬೇಕು ಅನ್ನಿಸುತ್ತೆ. ಅದುರಿದ್ರೆ ಅದುರಲಿ ಅಂತ ಕೈಲಿದ್ದ ಕೆಲಸ ಮುಂದುವರಿಸಿ. ಭಯ ತಡೆಯೋಕಾಗದಿದ್ರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.