ಪಗಡೆಯ ಕಾಯಿಗಿರುವ ನಿಷ್ಠೆ

ಕನ್ನೊಳ್ಳಿಯಂಥ ಊರಿನ ಗುಡಿಯ ಕಟ್ಟೆಯ ಮೇಲೆ ಸಂಜೆ ಪಗಡೆ ಹಾಸಿ ಬೇಸರ ಕಳೆಯುವವರೂ ಒಂದು ನಿಯಮವನ್ನು ಬಲ್ಲರು: ಆಟದ ನಡುವೆ ನಮ್ಮ ಕಾಯಿ ಎದುರಾಳಿಯ ಕಾಯಿಯಾಗದು. ಶಾಸಕರಿಗೆ ಇದನ್ನೇ ಕಲಿಸಲು 1985ರಲ್ಲಿ ಸಂವಿಧಾನಕ್ಕೆ ಹತ್ತನೆಯ ಅನುಸೂಚಿಯನ್ನು ಸೇರಿಸಬೇಕಾಯಿತು. ಆದರೂ ಆದದ್ದೇನು? 2019ರ ಜುಲೈದಲ್ಲಿ ರಾಜೀನಾಮೆಯಿತ್ತ ಶಾಸಕರು ಮುಂಬಯಿಯ ಹೋಟೆಲು ಸೇರಿದರು. ಪ್ರಜಾಹಿತದ ಮಾತಿಗೆ ಮಾತ್ರ ಕೊರತೆಯಿರಲಿಲ್ಲ. 23ರಂದು ಕುಮಾರಸ್ವಾಮಿಯವರ ಸರಕಾರವು 99ಕ್ಕೆ 105 ಮತಗಳಿಂದ ಉರುಳಿತು. 17 ಜನ ಅನರ್ಹರೆನಿಸಿದರು. ಡಿಸೆಂಬರದ ಉಪಚುನಾವಣೆಯಲ್ಲಿ ಅವರಲ್ಲಿ 13 ಜನರು ಹೊಸ ಪಕ್ಷದಿಂದ ನಿಂತು, 11 ಜನರು ಗೆದ್ದು ಬಂದರು!

ಗೆಲ್ಲಿಸಿದವರು ಯಾರು? ನಮ್ಮಂಥ ಮತದಾರರೇ. ವಾಚಕರೇ, ಚಹದಂಗಡಿಯಲ್ಲಿ ಬೈದ ನಾವೇ ಮತಗಟ್ಟೆಯಲ್ಲಿ ಹರಸಿದರೆ, ಕಪಟಿಗಳು ಅವರೊಬ್ಬರೇ ಅಲ್ಲ.