ಕೋಟಿ ಯೂನಿಟ್ಟಿಗೆ ಎಷ್ಟು ಎಕರೆ?

ಗುಂಡ್ಯ ಜಲವಿದ್ಯುತ್ ಯೋಜನೆ ಕಾಗದದ ಮೇಲೆ ಹೀಗಿತ್ತು: ಸಾಮರ್ಥ್ಯ 200 ಮೆಗಾವಾಟ್, ವರ್ಷಕ್ಕೆ 61.3 ಕೋಟಿ ಯೂನಿಟ್, ಬೇಕಾದ ನೆಲ 754 ಹೆಕ್ಟೇರ್. ಸಕಲೇಶಪುರ ಸೀಮೆಯ ಎತ್ತಿನಹೊಳೆ, ಕೇರಿಹೊಳೆ, ಹೊಂಗಡಹಳ್ಳ, ಬೆಟ್ಟಕುಮರಿ ಹಳ್ಳಗಳ ನೀರನ್ನು ತಿರುಗಿಸಬೇಕಿತ್ತು. ಬೆಟ್ಟಕುಮರಿ ಅಣೆಕಟ್ಟಿಗೆ 170 ಹೆಕ್ಟೇರ್ ಮುಳುಗುತ್ತಿತ್ತು, ಹೊಂಗಡಹಳ್ಳದಲ್ಲಿ ಇನ್ನೂ 524. ಪಶ್ಚಿಮ ಘಟ್ಟಗಳ ಕುರಿತ ಮಾಧವ ಗಾಡ್ಗೀಳ್ ಸಮಿತಿ 2011ರ ವರದಿಯಲ್ಲಿ ಇದು ಬೇಡವೆಂದಿತು. ಊರಿನವರು ಅದಕ್ಕೂ ಮೊದಲೇ ಬೇಡವೆಂದಿದ್ದರು. ಆಲೂರು–ಸಕಲೇಶಪುರದಿಂದ 2014ರ ಹೊತ್ತಿಗೆ 22 ಆನೆಗಳನ್ನು ಹಿಡಿದು ಸಾಗಿಸಿದರೂ ಕಾಫಿ ತೋಟಕ್ಕೆ ಆನೆ ಬರುವುದು ನಿಂತಿಲ್ಲ. ಇಂಥ ಕಡೆ ಇನ್ನಷ್ಟು ಕಾಡು ಮುಳುಗಿದ್ದರೆ ಏನಾಗುತ್ತಿತ್ತೆಂದು ಬೆಳೆಗಾರರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಆ 61.3 ಕೋಟಿ ಯೂನಿಟ್ ಬೇರೆಲ್ಲಿಂದ ಬರಬಹುದು? ಕಾರವಾರ ತಾಲ್ಲೂಕಿನ ಕೈಗಾದಲ್ಲಿ 220 ಮೆಗಾವಾಟಿನ ನಾಲ್ಕು ಪರಮಾಣು ಘಟಕಗಳಿವೆ. ಒಂದು ಘಟಕ ಪೂರ್ತಿ ಓಡಿದರೆ ದಿನಕ್ಕೆ 52.8 ಲಕ್ಷ ಯೂನಿಟ್. ಅಂದರೆ ಗುಂಡ್ಯದ ವರ್ಷದ ದುಡಿಮೆ ಅದಕ್ಕೆ 116 ದಿನದ ಕೆಲಸ. ಸುಡುವ ಯುರೇನಿಯಂ ಸುಮಾರು 13 ಟನ್. ಅಷ್ಟನ್ನೇ ಕಲ್ಲಿದ್ದಲಿನಿಂದ ತೆಗೆಯಲು, ಯೂನಿಟ್ಟಿಗೆ 700 ಗ್ರಾಂ ಹಿಡಿದರೂ, 4.3 ಲಕ್ಷ ಟನ್ ಬೇಕು. ಕೈಗಾ 1ನೇ ಘಟಕ 2016ರ ಮೇ 13ರಿಂದ 962 ದಿನ ನಿಲ್ಲದೆ ಓಡಿ ಸುಮಾರು 500 ಕೋಟಿ ಯೂನಿಟ್ ಕೊಟ್ಟಿತು. ಆಗ ಅದು ವಿಶ್ವದಾಖಲೆ. ಕಟ್ಟುವಾಗ ಇದೇ ಘಟಕದ ಗುಮ್ಮಟದ ಕಾಂಕ್ರೀಟ್ ಕುಸಿದದ್ದೂ ಮೇ 13ರಂದೇ, 1994ರಲ್ಲಿ.

ನೆಲದ ಲೆಕ್ಕ ಇನ್ನೂ ವಿಚಿತ್ರ. ವರ್ಷದ ಒಂದು ಕೋಟಿ ಯೂನಿಟ್ಟಿಗೆ ಗುಂಡ್ಯ ಕೇಳಿದ್ದು ಸುಮಾರು 30 ಎಕರೆ. ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕಿಗೆ 13,000 ಎಕರೆ. ಸಾಮರ್ಥ್ಯದ ಶೇ 23ರಷ್ಟು ಉತ್ಪಾದನೆ ಹಿಡಿದರೆ ಅಲ್ಲಿಯೂ ಸುಮಾರು 31 ಎಕರೆ. ಎಕರೆ ಒಂದೇ, ನೆಲ ಒಂದೇ ಅಲ್ಲ: ಅಲ್ಲಿ ರೈತರ ಒಣಭೂಮಿ, ವರ್ಷವರ್ಷ ಬಾಡಿಗೆ ಬರುತ್ತದೆ, ಗುಂಡ್ಯದಲ್ಲಿ ನಿತ್ಯಹರಿದ್ವರ್ಣ ಕಾಡು. ಕೈಗಾದ 5 ಮತ್ತು 6ನೇ ಘಟಕಗಳಿಗೆ (ತಲಾ 700 ಮೆಗಾವಾಟ್) ಹೊಸದಾಗಿ ಕೇಳಿದ ಕಾಡು ಸುಮಾರು 54 ಹೆಕ್ಟೇರ್. ಶೇ 85ರಷ್ಟು ಓಡಿದರೆ ಕೋಟಿ ಯೂನಿಟ್ಟಿಗೆ ಐದು ಗುಂಟೆ!

ಈ ಐದು ಗುಂಟೆಯನ್ನು ನಾನು ಪೂರ್ತಿ ನಂಬುವುದಿಲ್ಲ. ಸ್ಥಾವರವನ್ನು ತಣಿಸುವ ನೀರು ಕದ್ರಾ ಜಲಾಶಯದ್ದು. ಆ ಮುಳುಗಡೆ ಕಾಳಿ ನದಿಯ ಜಲವಿದ್ಯುತ್ತಿನ ಖಾತೆಗೆ ಎಂದೋ ಬರೆದಾಗಿದೆ. ಸುತ್ತ ಯಾರೂ ವಾಸಿಸುವಂತಿಲ್ಲದ ವಲಯ, ಜಾರ್ಖಂಡಿನ ಜಾದೂಗುಡದಂಥ ಗಣಿ, ಸುಟ್ಟ ಇಂಧನ, ಇವು ಯಾವುವೂ ಈ ಲೆಕ್ಕದೊಳಗಿಲ್ಲ. ಶಿವರಾಮ ಕಾರಂತರು 1989ರಲ್ಲಿ ಕೈಗಾ ವಿರೋಧವನ್ನೇ ಮುಂದಿಟ್ಟು ಲೋಕಸಭೆಗೆ ಸ್ಪರ್ಧಿಸಿದ್ದು ಯೂನಿಟ್ ದರದ ಜಗಳಕ್ಕಲ್ಲ.

ಹಣದಲ್ಲಿ ಪರಮಾಣು ಸೋಲುವುದು ಕಟ್ಟುವ ಹಂತದಲ್ಲಿ. ಕೈಗಾ 1, 2ಕ್ಕೆ ಮೊದಲು ಅಂದಾಜಿಸಿದ್ದು 730 ಕೋಟಿ ರೂಪಾಯಿ, ಮುಗಿದಾಗ ಸುಮಾರು 2,900 ಕೋಟಿ. 2017ರಲ್ಲಿ ಕೇಂದ್ರ ಒಪ್ಪಿದ ಹತ್ತು ರಿಯಾಕ್ಟರುಗಳಿಗೆ 1.05 ಲಕ್ಷ ಕೋಟಿ. ಆ ಸರಾಸರಿಯಲ್ಲಿ ಕೈಗಾದ ಎರಡರ ಪಾಲು 21,000 ಕೋಟಿ. ಇಂಥ ಸಾಲ ಹೊರುವ ಸರ್ಕಾರವಿರುವಲ್ಲಿ, ಫ್ರಾನ್ಸಿನಂತೆ, ಪರಮಾಣು ಬೆಳೆಯಿತು. ಆದರೆ ಹಣವೊಂದೇ ನಿರ್ಧರಿಸುವುದಿಲ್ಲ: ಆಸ್ಟ್ರಿಯಾ 1978ರಲ್ಲಿ ಕಟ್ಟಿ ಮುಗಿಸಿದ್ದ ಸ್ಥಾವರವನ್ನೇ ಜನಮತದಲ್ಲಿ ಶೇ 50.5ರಿಂದ ಬೇಡವೆಂದಿತು, ಜರ್ಮನಿ 2023ರ ಏಪ್ರಿಲ್ 15ರಂದು ಕೊನೆಯ ಮೂರನ್ನು ಆರಿಸಿತು.

ಸಕಲೇಶಪುರದ ಹೊಳೆಗಳಿಗೆ ಆಮೇಲೆ ಬಂದದ್ದು ವಿದ್ಯುತ್ ಕೊಡುವ ಯೋಜನೆಯಲ್ಲ, ವಿದ್ಯುತ್ ಕೇಳುವ ಯೋಜನೆ. ಎತ್ತಿನಹೊಳೆ ಕುಡಿಯುವ ನೀರಿನ ಯೋಜನೆಯ ಪರಿಷ್ಕೃತ ವೆಚ್ಚ 23,251 ಕೋಟಿ, ಹೆಚ್ಚುಕಡಿಮೆ ಕೈಗಾದ ಹೊಸ ಎರಡು ಘಟಕಗಳಷ್ಟೇ. ಮೊದಲ ಹಂತದ ಪಂಪುಗಳು 2024ರ ಸೆಪ್ಟೆಂಬರ್ 6ರಂದು ಚಾಲೂ ಆದವು. ಯೋಜನೆ ವರ್ಷಕ್ಕೆ ತಿರುಗಿಸಬೇಕಾದ 24.01 ಟಿಎಂಸಿ ನೀರನ್ನು 100 ಮೀಟರ್ ಎತ್ತಲು, ಪಂಪಿನ ದಕ್ಷತೆ ಶೇ 80 ಎಂದುಕೊಂಡರೆ, 23 ಕೋಟಿ ಯೂನಿಟ್ ಬೇಕು. 265 ಮೀಟರ್ ಎತ್ತಿದರೆ ಗುಂಡ್ಯದ ವರ್ಷದ ಉತ್ಪಾದನೆಯಷ್ಟೂ ಖರ್ಚು. ನೀರೆತ್ತುವುದು ಮಳೆಗಾಲದ 139 ದಿನ ಮಾತ್ರ. ಪ್ರತಿ 100 ಮೀಟರಿಗೆ ಆ ದಿನಗಳಲ್ಲಿ ಹಗಲೂ ರಾತ್ರಿ ಸುಮಾರು 70 ಮೆಗಾವಾಟ್, ಅಂದರೆ ಕೈಗಾದ ಒಂದು ಘಟಕದ ಮೂರನೇ ಒಂದು ಪಾಲು.