ಕಿಟಕಿಯಾಚೆಯ ಬೆಳಕು

ಉದ್ಯೋಗದಿಂದ ನಿವೃತ್ತರಾದವರಿಗೆ ಇನ್ನು ಜಪಮಣಿಯೇ ಗತಿಯೆಂದು ನಮ್ಮಲ್ಲಿ ಹಲವರು ಎಣಿಸುವುದುಂಟು. ಅಮೆರಿಕದ ಆಲ್ಮಾ ಥಾಮಸ್ ಎಂಬಾಕೆ ಹಾಗೆಣಿಸಲಿಲ್ಲ. 1891ರಲ್ಲಿ ಜನಿಸಿದ ಈ ಮಹಿಳೆ ವಾಷಿಂಗ್ಟನ್ನಿನ ಶಾಲೆಯೊಂದರಲ್ಲಿ 35 ವರ್ಷ ಚಿತ್ರಕಲೆಯನ್ನು ಕಲಿಸಿ 1960ರಲ್ಲಿ ವಿಶ್ರಾಂತರಾದರು. ಅದುವರೆಗೆ ಸ್ವಂತ ಚಿತ್ರಗಳಿಗೆ ದೊರೆತುದು ಶಾಲೆಯ ದುಡಿಮೆಯಿಂದ ಮಿಕ್ಕ ವೇಳೆಯಷ್ಟೆ. ಇನ್ನೇನು ಬಿಡುವಾಯಿತೆನ್ನುವಷ್ಟರಲ್ಲಿ ಸಂಧಿವಾತವು ಬಾಧಿಸಿ, ಕುಂಚವನ್ನೇ ತ್ಯಜಿಸುವ ಯೋಚನೆಯೂ ಬಂದಿತು. ಆದರೆ ಮನೆಯ ಕಿಟಕಿಯಾಚೆ ಹಾಲಿ ಎಂಬ ಮರದ ಎಲೆಗಳೆಡೆಯಲ್ಲಿ ನುಸುಳುವ ಬಿಸಿಲು ಅವರನ್ನು ಬಿಡಲಿಲ್ಲ. ಅದನ್ನು ಗಿಡ್ಡನೆಯ ಬಣ್ಣದ ಪಟ್ಟೆಗಳಾಗಿ, ಒಂದರ ಮಗ್ಗುಲಿಗೊಂದು, ಬರೆಯತೊಡಗಿದರು. ಪಟ್ಟೆಗಳ ಸಂದಿನಲ್ಲಿ ಇಣುಕುವ ಬಿಳುಪೇ ಅಲ್ಲಿ ಬೆಳಕು. ನೋಯುವ ಬೆರಳುಗಳು ಇಷ್ಟು ಉಲ್ಲಾಸವನ್ನು ಬರೆದುವೆಂದರೆ ನಂಬುವುದು ಕಷ್ಟ! 1972ರಲ್ಲಿ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯವು ಅವರೊಬ್ಬರ ಚಿತ್ರಗಳದೇ ಪ್ರದರ್ಶನವನ್ನು ಏರ್ಪಡಿಸಿತು. ಆಫ್ರಿಕಾ ಮೂಲದ ಅಮೆರಿಕನ್ ಸ್ತ್ರೀಯೊಬ್ಬಳಿಗೆ ಅಲ್ಲಿ ಆ ಮನ್ನಣೆ ಸಂದುದು ಅದೇ ಮೊದಲು. ಆಗ ಅವರಿಗೆ 80 ವರ್ಷ.